ಮಡಿಕೇರಿಯಲ್ಲಿ ಚಕ್ರದ ಮೇಲಿನ ಮನೆ

ಒಂದು ಕಮಾನು ಗಾಡಿ, ಅದರೊಳಗೆ ಹುಲ್ಲಿನ ಮೆತ್ತೆ, ಮೂಲೆಯಲ್ಲಿ ರೊಟ್ಟಿಯ ಬುತ್ತಿ, ಮುಂದೆ ಎರಡು ಎತ್ತು. ಇಷ್ಟಿದ್ದರೆ ನಮ್ಮ ಹಿರಿಯರಿಗೆ ಸಂಸಾರ ಸಮೇತ ಊರು ಬಿಟ್ಟು ಹೊರಡಲು ಮತ್ತೇನೂ ಬೇಕಾಗಿರಲಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೂ ಮೈಲಾರದ ಜಾತ್ರೆಗೂ ಗಾಡಿ ಕಟ್ಟಿಕೊಂಡು ಹೋಗಿ, ಅದರ ಮಗ್ಗುಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ, ರಾತ್ರಿ ಅಲ್ಲಿಯೇ ಮಲಗಿ ಬರುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಇಂದಿಗೂ ಪೂರ್ತಿ ಅಳಿದಿಲ್ಲ. ಆದುದರಿಂದ ಚಕ್ರದ ಮೇಲೆ ಮನೆ ಇಟ್ಟುಕೊಂಡು ತಿರುಗುವುದು ಪಾಶ್ಚಾತ್ಯರ ವಿದ್ಯೆಯೆಂದು ಯಾರಾದರೂ ಹೇಳಿದರೆ ವಾಚಕರು ಅದನ್ನು ಹಾಗೆಯೇ ಒಪ್ಪಿಕೊಳ್ಳಬೇಕಾಗಿಲ್ಲ.

ಆದರೆ ವಿಹಾರಕ್ಕೆಂದೇ ಇಂಥ ಗಾಡಿಯನ್ನು ಕಟ್ಟಿಸಿ ಹೆಸರು ಪಡೆದವರು ಮಾತ್ರ ಆ ಕಡೆಯವರೇ. 1885ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಹಾಗೂ ಲೇಖಕ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬವರು ‘ವಾಂಡರರ್’ ಎಂಬ ಕುದುರೆಗಾಡಿಯನ್ನು ಮಾಡಿಸಿ, ಅದರಲ್ಲೇ ಉಂಡು ಮಲಗುತ್ತ ಬ್ರಿಟನ್ನಿನ ಉದ್ದಕ್ಕೂ ಸುತ್ತಿದರು. ಕುದುರೆಯ ಜಾಗಕ್ಕೆ ಮೋಟಾರು ಬಂದ ಮೇಲೆ ಈ ಹವ್ಯಾಸ ಅಮೆರಿಕದಲ್ಲಿ ದೊಡ್ಡ ಉದ್ಯಮವಾಯಿತು. ನಮ್ಮ ದೇಶದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಕ್ಯಾರವಾನ್ ಗಾಡಿಗಳಿಗೂ ಅವು ತಂಗುವ ಜಾಗಗಳಿಗೂ ಒಂದು ನೀತಿಯನ್ನು ರೂಪಿಸಿದ್ದು 2010ರಲ್ಲಿ. ಕೇರಳವು 2021ರಲ್ಲಿ ತನ್ನದೇ ಕ್ಯಾರವಾನ್ ನೀತಿಯನ್ನು ಪ್ರಕಟಿಸಿ, ಮರುವರ್ಷ ವಾಗಮಣ್ ಎಂಬ ಬೆಟ್ಟದ ಊರಿನಲ್ಲಿ ತನ್ನ ಮೊದಲ ಕ್ಯಾರವಾನ್ ತಂಗುದಾಣವನ್ನು ತೆರೆಯಿತು. ಈಗ ಹೈದರಾಬಾದಿನಲ್ಲಿಯೂ ಬೆಂಗಳೂರಿನಲ್ಲಿಯೂ ಹಾಸಿಗೆ, ಒಲೆ, ಶೌಚದ ಕೋಣೆ ಎಲ್ಲವೂ ಇರುವ ಗಾಡಿಗಳು ಚಾಲಕನ ಸಮೇತ ಬಾಡಿಗೆಗೆ ಸಿಗುತ್ತವೆ. ಬಾಡಿಗೆ ಅಗ್ಗವೇನಲ್ಲ. ಆದರೆ ಎರಡು ಸಂಸಾರಗಳು ಕೂಡಿ ಹಂಚಿಕೊಂಡರೆ ನನ್ನಂಥ ಗುಮಾಸ್ತನಿಗೂ ವರ್ಷಕ್ಕೊಮ್ಮೆ ನಿಲುಕದಷ್ಟು ದೂರದಲ್ಲಿಲ್ಲ.

ಕೊಂಡಾಪುರದಲ್ಲಿ ನೆಲೆಸಿರುವ ನಮ್ಮ ಕನ್ನಡ ಸಂಸಾರಗಳಿಗೆ ಈ ಗಾಡಿ ಕೇವಲ ಮೋಜಿನ ವಸ್ತುವಲ್ಲವೆಂದು ನನಗೆ ತೋರುತ್ತದೆ. ಹೊರನಾಡಿಗೆ ಬಂದು ಇಪ್ಪತ್ತು ಮೂವತ್ತು ವರ್ಷವಾದವರಲ್ಲಿ ಅನೇಕರಿಗೆ ಊರಿನಲ್ಲಿ ನಂಟರಿದ್ದಾರೆ, ಮನೆಯಿಲ್ಲ. ಹಳೆಯ ಮನೆ ಪಾಲಾಯಿತು ಅಥವಾ ಮಾರಾಟವಾಯಿತು. ನಂಟರ ಮನೆಗೆ ಏಳೆಂಟು ಜನ ಒಟ್ಟಿಗೆ ಹೋಗಿ ಇಳಿಯಲು ಸಂಕೋಚ. ಹೋಟೆಲಿನಲ್ಲಿ ಇಳಿದುಕೊಂಡರೆ ನಂಟರಿಗೆ ಬೇಸರ. ಅಂಗಳದಲ್ಲಿ ಗಾಡಿ ನಿಲ್ಲಿಸಿ, ಊಟ ಒಳಗೆ, ನಿದ್ದೆ ಹೊರಗೆ ಎಂಬ ಏರ್ಪಾಡಿನಲ್ಲಿ ಎರಡು ಕಡೆಯವರ ಮಾನವೂ ಉಳಿಯುತ್ತದೆ. ನನ್ನ ಹೆಂಡತಿಯ ತವರು ಕೊಡಗಿನ ಸುಂಟಿಕೊಪ್ಪದ ಕಡೆ. ಅಲ್ಲಿಯ ಮನೆ ಮಾರಿದ ಮೇಲೆ ಅತ್ತೆಯವರು ಕೊಂಡಾಪುರದಲ್ಲಿ ನಮ್ಮೊಡನೆಯೇ ಇದ್ದಾರೆ. ಅವರ ನೆವದಿಂದ ನಾವು ಡಿಸೆಂಬರಿನಲ್ಲಿ ಒಮ್ಮೆ, ಏಪ್ರಿಲಿನಲ್ಲಿ ಒಮ್ಮೆ, ಸುರಿಯುವ ಮಳೆಗಾಲದಲ್ಲಿ ಒಮ್ಮೆ ಮಡಿಕೇರಿಯ ದಾರಿ ಹಿಡಿದಿದ್ದೇವೆ. ಬೆಟ್ಟದ ಊರಿನಲ್ಲಿ ವರ್ಷದ ಎಲ್ಲ ಕಾಲದಲ್ಲಿಯೂ ಚಕ್ರದ ಮನೆ ನಡೆಯುತ್ತದೆಯೇ ಎಂದು ಮಿತ್ರರು ಕೇಳುವುದುಂಟು. ನಡೆಯುತ್ತದೆ, ಆದರೆ ಒಂದು ನಿಯಮದ ಮೇಲೆ. ಅದನ್ನು ತಿಳಿಸುವುದಕ್ಕಾಗಿಯೇ ಈ ಲೇಖನ.

ಊರಿನ ಮೂರು ಕಾಲ

ಕೊಂಡಾಪುರದಿಂದ ಮಡಿಕೇರಿಗೆ ಕರ್ನೂಲು, ಅನಂತಪುರ, ಬೆಂಗಳೂರು, ಮೈಸೂರು, ಕುಶಾಲನಗರದ ಮಾರ್ಗವಾಗಿ ಎಂಟುನೂರು ಕಿಲೋಮೀಟರಿಗೂ ಮೇಲಾಗುತ್ತದೆ. ತೆಲಂಗಾಣ, ಆಂಧ್ರ, ಕರ್ನಾಟಕ ಹೀಗೆ ಮೂರು ರಾಜ್ಯಗಳನ್ನು ದಾಟಬೇಕಾದುದರಿಂದ ಬಾಡಿಗೆ ಗಾಡಿಯ ಪರವಾನಗಿ, ತೆರಿಗೆಯ ರಸೀದಿ, ವಿಮೆಗಳನ್ನು ಹೊರಡುವ ಮೊದಲೇ ಕಣ್ಣಾರೆ ನೋಡಿಕೊಳ್ಳುವುದು ಕ್ಷೇಮ. ಕಾಗದ ನೋಡುವುದು ನನ್ನ ದಿನನಿತ್ಯದ ಕೆಲಸವಾದುದರಿಂದ ಹೇಳುತ್ತೇನೆಂದು ತಿಳಿಯಬೇಡಿ. ಗಡಿಯ ತಪಾಸಣೆಯಲ್ಲಿ ಎರಡು ಗಂಟೆ ನಿಂತವರಿಗೆ ಇದರ ಬೆಲೆ ಗೊತ್ತು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ನಡುವಿನ 118 ಕಿಲೋಮೀಟರಿನ ಹೊಸ ಹೆದ್ದಾರಿಯಿಂದ ಆ ಭಾಗದ ಪ್ರಯಾಣ ಬಹಳ ಹಗುರವಾಗಿದೆ. ಕುಶಾಲನಗರದಲ್ಲಿ ಕಾವೇರಿಯನ್ನು ದಾಟಿದ ಮೇಲೆ ಉಳಿಯುವುದು ಸುಮಾರು ಮೂವತ್ತು ಕಿಲೋಮೀಟರು ಮಾತ್ರ. ಆದರೆ ಅದು ಏರುದಾರಿ. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 3,800 ಅಡಿ ಎತ್ತರದಲ್ಲಿ. ಅಂದರೆ ನಮ್ಮ ಹೈದರಾಬಾದಿನ ಎತ್ತರದ ಎರಡರಷ್ಟಕ್ಕೂ ಹೆಚ್ಚು.

ಅಕ್ಟೋಬರ್ ನಡುವಿನಿಂದ ಫೆಬ್ರವರಿಯವರೆಗಿನದು ಜನ ಮೆಚ್ಚುವ ಕಾಲ. ಮಡಿಕೇರಿ ದಸರೆಯ ದಶಮಂಟಪಗಳು, ಅಕ್ಟೋಬರ್ 17ರ ಸುಮಾರಿಗೆ ತಲಕಾವೇರಿಯ ತುಲಾ ಸಂಕ್ರಮಣ, ಆಮೇಲೆ ಪುತ್ತರಿಯ ಸುಗ್ಗಿ, ಎಲ್ಲವೂ ಈ ಅವಧಿಯ ಆಸುಪಾಸಿನವೇ. ರಾತ್ರಿಯ ಚಳಿ ಹನ್ನೆರಡು ಡಿಗ್ರಿಯ ಸುಮಾರಿಗೆ ಇಳಿದರೂ ಎರಡು ಕಂಬಳಿಗೆ ತಡೆಯುತ್ತದೆ. ಕಷ್ಟವಿರುವುದು ಜನಸಂದಣಿಯಲ್ಲಿ. ಡಿಸೆಂಬರಿನ ಕೊನೆಯ ವಾರದಲ್ಲಿ ರಾಜಾಸೀಟಿನ ಕಡೆ ಹೊರಟ ಕಾರುಗಳೇ ಇರುವೆಸಾಲಿನಂತೆ ನಿಂತಿರುವಾಗ, ಹತ್ತಡಿ ಎತ್ತರದ ಗಾಡಿಗೆ ಆ ಇಕ್ಕಟ್ಟಾದ ಏರುಬೀದಿಗಳಲ್ಲಿ ಜಾಗವೆಲ್ಲಿ? ಗಾಡಿಯನ್ನು ಊರ ಹೊರಗೆ ನಿಲ್ಲಿಸಿ ಆಟೋದಲ್ಲಿ ಹೋಗಿ ಬರುವುದೇ ಸುಖ. ಇನ್ನೊಂದು ಸಂಗತಿ ಹೊರಗಿನವರಿಗೆ ಹೊಳೆಯುವುದಿಲ್ಲ. ಗಾಡಿ ನಿಲ್ಲಿಸಲು ಸಮತಟ್ಟಾದ, ನೀರು ನಿಲ್ಲದ ಜಾಗವೆಂದರೆ ತೋಟದ ಮನೆಗಳ ಕಾಫಿ ಕಣ. ಸುಗ್ಗಿಯ ತಿಂಗಳುಗಳಲ್ಲಿ ಆ ಕಣದ ತುಂಬ ಕಾಫಿ ಹಣ್ಣು ಒಣಗುತ್ತಿರುತ್ತದೆ. ಆಗ ಅದನ್ನು ಕೇಳುವುದೂ ತಪ್ಪು.

ಮಾರ್ಚಿಯಿಂದ ಮೇವರೆಗೆ ಎರಡನೆಯ ಕಾಲ. ಹೂಮಳೆ ಬಿದ್ದ ಕೆಲವೇ ದಿನಗಳಲ್ಲಿ ಕಾಫಿ ಗಿಡಗಳೆಲ್ಲ ಬೆಳ್ಳಗೆ ಅರಳಿ, ಮಲ್ಲಿಗೆಯ ತೋಟದೊಳಗೆ ಹೊಕ್ಕ ಹಾಗಾಗುತ್ತದೆ. ಮಕ್ಕಳಿಗೆ ಶಾಲೆಯ ರಜೆ; ಹೈದರಾಬಾದಿನ ಬಿಸಿಲಿನಿಂದ ತಪ್ಪಿಸಿಕೊಂಡ ಸಮಾಧಾನ ಬೇರೆ. ಈ ಕಾಲದ ಕೊರತೆ ನೀರು. ಬೇಸಿಗೆಯ ಕೊನೆಯಲ್ಲಿ ಬೆಟ್ಟದ ಮನೆಗಳ ಬಾವಿಗಳೂ ತಳ ಕಾಣುತ್ತವೆ. ಗಾಡಿಯ ತೊಟ್ಟಿಯನ್ನು ಕುಶಾಲನಗರದಲ್ಲಿಯೇ ತುಂಬಿಸಿಕೊಂಡು ಹತ್ತುವುದು ಮರ್ಯಾದೆ.

ಮೂರನೆಯದು ಮಳೆಗಾಲ. ಹೈದರಾಬಾದಿಗೆ ಇಡೀ ವರ್ಷದಲ್ಲಿ ಬೀಳುವ ಮಳೆ ಸುಮಾರು 800 ಮಿಲಿಮೀಟರು. ಮಡಿಕೇರಿಯಲ್ಲಿ ಅದು 3,000 ಮಿಲಿಮೀಟರನ್ನು ಮೀರುತ್ತದೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಕಣ ಖಾಲಿ, ಊರು ಖಾಲಿ, ಬೆಟ್ಟ ಹಸುರು. ಗಾಡಿಯ ಕಿಟಕಿಯಿಂದ ಕಾಣುವ ಮಂಜು ಬೇರೆ ಯಾವ ಕಾಲದಲ್ಲಿಯೂ ಸಿಗದು. ಆದರೆ ಗಾಡಿಗೂ ಅದರೊಳಗಿನ ಜೀವಗಳಿಗೂ ಅಪಾಯವಿರುವುದೂ ಈ ಕಾಲದಲ್ಲಿಯೇ.

ದಾರಿ ಬದಲಾಗುವ ಬಗೆ

ಬಯಲುಸೀಮೆಯ ದಾರಿ ನಿನ್ನೆ ಇದ್ದಂತೆ ಇಂದೂ ಇರುತ್ತದೆ. ಘಟ್ಟದ ದಾರಿಯ ಮಾತು ಹಾಗಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮಡಿಕೇರಿ–ಸಂಪಾಜೆ ಹೆದ್ದಾರಿ ಮದೆನಾಡು, ಜೋಡುಪಾಲಗಳ ಸುತ್ತ ಹಲವೆಡೆ ಕೊಚ್ಚಿಹೋಗಿ ವಾರಗಟ್ಟಲೆ ಮುಚ್ಚಿತ್ತು. ಅದೇ ವರ್ಷ ಕಾಂಕ್ರೀಟು ಕೆಲಸಕ್ಕೆಂದು ಜನವರಿಯಿಂದ ಮುಚ್ಚಿದ್ದ ಶಿರಾಡಿ ಘಟ್ಟ ಜುಲೈಯಲ್ಲಿ ತೆರೆದು, ತಿಂಗಳು ಕಳೆಯುವಷ್ಟರಲ್ಲಿ ಮಳೆಯಿಂದ ಮತ್ತೆ ಮುಚ್ಚಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಜಾರಿ, ಅಲ್ಲಿಯ ಅರ್ಚಕರ ಕುಟುಂಬ ಮಣ್ಣಿನಡಿ ಸೇರಿತು. 2024ರ ಜುಲೈಯಲ್ಲಿ ಮಡಿಕೇರಿಯ ಹತ್ತಿರ ಕರ್ತೋಜಿಯಲ್ಲಿ ಗುಡ್ಡ ಕುಸಿಯುವ ಲಕ್ಷಣ ಕಂಡಾಗ, ಜಿಲ್ಲಾಡಳಿತವು ಕೆಲವು ದಿನ ರಾತ್ರಿ 8ರಿಂದ ಬೆಳಗಿನ 6ರವರೆಗೆ ಆ ಹೆದ್ದಾರಿಯ ಸಂಚಾರವನ್ನು ನಿಲ್ಲಿಸಿತ್ತು. ಮಳೆಗಾಲದಲ್ಲಿ ಮರದ ದಿಮ್ಮಿ, ಮರಳು ಸಾಗಿಸುವ ಭಾರಿ ವಾಹನಗಳಿಗೆ ನಿರ್ಬಂಧ ಹಾಕುವ ಆದೇಶಗಳೂ ಹೊರಡುತ್ತವೆ. ನಮ್ಮ ಗಾಡಿ ಆ ವರ್ಗಕ್ಕೆ ಸೇರುವುದಿಲ್ಲವೆಂದು ಸಮಾಧಾನಪಡಬಹುದು. ಆದರೆ ಆದೇಶ ಏಕೆ ಬಂತೆಂಬುದನ್ನು ಯೋಚಿಸಿದರೆ ಸಮಾಧಾನ ಉಳಿಯದು: ನೆನೆದ ಗುಡ್ಡದ ಅಂಚಿನ ರಸ್ತೆ ಭಾರ ತಡೆಯುವುದಿಲ್ಲ.

ಮಳೆಯಿಂದಲ್ಲದೆ ಬೇರೆ ಕಾರಣಗಳಿಗೂ ಬೆಟ್ಟದ ದಾರಿಗಳಿಗೆ ಕಟ್ಟುಪಾಡು ಬರುತ್ತಿದೆ. ಮಡಿಕೇರಿಯಿಂದ ಮುಂದೆ ಉದಕಮಂಡಲಕ್ಕೆ ಹೋಗುವ ಯೋಚನೆಯಿದ್ದರೆ, ವನ್ಯಮೃಗಗಳಿಗಾಗಿ ಬಂಡೀಪುರದ ಅಡವಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವಿಲ್ಲವೆಂಬುದನ್ನು ನೆನಪಿಡಬೇಕು. 2024ರ ಮೇ 7ರಿಂದ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ ನೀಲಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಇ-ಪಾಸಿನ ಪದ್ಧತಿಯೂ ಬಂದಿದೆ. ಇಂಥವನ್ನೆಲ್ಲ ಹೊರಡುವ ವಾರದಲ್ಲಿಯೇ ವಿಚಾರಿಸಬೇಕು; ಹೋದ ವರ್ಷದ ಅನುಭವ ಈ ವರ್ಷಕ್ಕೆ ಸಾಲದು.

ಹವಾಮಾನ ಇಲಾಖೆಯವರು ಹೇಳುವ ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳನ್ನು ಓದಲು ಕಲಿಯುವುದು ಈ ಪ್ರಯಾಣದ ಮೊದಲ ಪಾಠ. ಹಳದಿಯೆಂದರೆ ಗಮನವಿರಲಿ ಎಂದು. ಕಿತ್ತಳೆಯೆಂದರೆ ಸಿದ್ಧರಾಗಿರಿ ಎಂದು. ಕೆಂಪೆಂದರೆ ಕಾರ್ಯಪ್ರವೃತ್ತರಾಗಿ ಎಂದು. ಇಪ್ಪತ್ತನಾಲ್ಕು ಗಂಟೆಗಳಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಬಿದ್ದರೆ ಅದನ್ನು ಇಲಾಖೆ ‘ಅತ್ಯಂತ ಭಾರಿ ಮಳೆ’ಯೆಂದು ಕರೆಯುತ್ತದೆ. ನಮ್ಮ ಊರಿಗೆ ವರ್ಷದಲ್ಲಿ ಬೀಳುವ ಮಳೆಯ ನಾಲ್ಕನೆಯ ಒಂದು ಭಾಗ ಒಂದೇ ದಿನ ಬಿದ್ದಂತೆ! ಕಿತ್ತಳೆ ಅಥವಾ ಕೆಂಪು ಇರುವ ದಿನ ಚಕ್ರದ ಮನೆ ಘಟ್ಟ ಹತ್ತಬಾರದು, ಇಳಿಯಲೂ ಬಾರದು. ಇದರಲ್ಲಿ ಚೌಕಾಸಿಯಿಲ್ಲ.

ಆಟಿಯ ಪಾಯಸ

ಆಟಿ ಎಂಬುದು ಕೊಡಗಿನ ಜಡಿಮಳೆಯ ತಿಂಗಳು. ಕೊಡವರು ಅದನ್ನೇ ಕಕ್ಕಡ ಎನ್ನುತ್ತಾರೆ. ಆ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದು ಸೊಪ್ಪಿನ ರಸ ತೆಗೆದು ಪಾಯಸ ಮಾಡಿ ಉಣ್ಣುವುದು ಅಲ್ಲಿಯ ವಾಡಿಕೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆಂದು ನಂಬಿಕೆ. ಪಾಯಸದ ಬಣ್ಣ ನೇರಳೆ. 2024ರಲ್ಲಿ ಅತ್ತೆಯವರು, ಊರಿನಲ್ಲಿ ಕೂತು ಒಮ್ಮೆ ಆ ಪಾಯಸ ಉಣ್ಣಬೇಕೆಂದರು. ಎಪ್ಪತ್ತಾರು ವರ್ಷದವರು ಒಂದು ಪಾಯಸ ಕೇಳಿದಾಗ ಇಲ್ಲವೆನ್ನುವುದು ಹೇಗೆ? ಜುಲೈ ಕೊನೆಯಲ್ಲಿ ಹೊರಟೆವು.

ಮೈಸೂರು ದಾಟುವಷ್ಟರಲ್ಲಿ ವಯನಾಡಿನ ಸುದ್ದಿ ಬಂತು. ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಎಂಬ ಊರುಗಳ ಮೇಲೆ ಗುಡ್ಡ ಇಳಿದಿತ್ತು. ಕೊಡಗಿನ ಮೇಲೆಯೂ ಮಳೆ ಬಿಡುವಿಲ್ಲದೆ ಸುರಿಯುತ್ತಿತ್ತು. ನಾವು ಕುಶಾಲನಗರದಲ್ಲಿಯೇ, ನದಿಗೆ ದೂರವಾದ ಎತ್ತರದ ಜಾಗದಲ್ಲಿದ್ದ ಒಂದು ಕಲ್ಯಾಣ ಮಂಟಪದ ಅಂಗಳದಲ್ಲಿ ಮಾಲೀಕರನ್ನು ಕೇಳಿ ಗಾಡಿ ನಿಲ್ಲಿಸಿದೆವು. ಎತ್ತರದ ಜಾಗವೇ ಏಕೆಂದರೆ, 2018ರಲ್ಲಿಯೂ 2019ರಲ್ಲಿಯೂ ಕಾವೇರಿ ಉಕ್ಕಿ ಆ ಊರಿನ ತಗ್ಗು ಬಡಾವಣೆಗಳಿಗೆ ನುಗ್ಗಿದ್ದಳು. ಸುಂಟಿಕೊಪ್ಪ ಅಲ್ಲಿಂದ ಹದಿನೈದು ಕಿಲೋಮೀಟರು ಮಾತ್ರ. ಆದರೆ ನಂಟರ ತೋಟದ ದಾರಿಗೆ ಮರ ಉರುಳಿದೆಯೆಂದು ಫೋನು ಬಂತು.

ನನ್ನ ರಜೆ ಐದು ದಿನ. ಅದರಲ್ಲಿ ಎರಡು ದಾರಿಯಲ್ಲಿಯೇ ಕಳೆದಿತ್ತು. ಹೇಗಾದರೂ ಹೋಗಿಬಿಡೋಣವೆಂಬ ಮಾತು ಯುವಕನಾದ ಚಾಲಕನ ಬಾಯಿಂದ ಬಂತು. ಅತ್ತೆಯವರು ನನ್ನ ಕಡೆ ತಿರುಗಿ, “ಬೇಡಿ ಅಳಿಯಂದಿರೇ. ಮಳೆಯ ಹತ್ತಿರ ಹಟ ಮಾಡಬಾರದು. ಹಾಸಿಗೆ ಇದೆ, ಒಲೆ ಇದೆ, ಇಲ್ಲೇ ಇರೋಣ” ಎಂದರು. ನಾನು ಕಚೇರಿಗೆ ಎರಡು ದಿನದ ಹೆಚ್ಚಿನ ರಜೆಗೆ ಬರೆದುಕೊಂಡೆ. ಎರಡು ರಾತ್ರಿ ಗಾಡಿಯೊಳಗೆ ಕೂತು ಬಿಸಿ ಅಕ್ಕಿರೊಟ್ಟಿ, ಕಣಿಲೆ ಪಲ್ಯ ತಿಂದೆವು. ಮಕ್ಕಳಿಗೆ ಅಜ್ಜಿಯ ಬಾಯಿಂದ ಕಥೆ. ಮೇಲೆ ತಗಡಿನ ಮೇಲೆ ಮಳೆಯ ಸದ್ದು. ಮೂರನೆಯ ದಿನ ಬೆಳಗ್ಗೆ ಮಳೆ ಸ್ವಲ್ಪ ಬಿಟ್ಟಾಗ ಹೆಂಡತಿಯ ಚಿಕ್ಕಪ್ಪನ ಮಗ ಮರ ಬಿದ್ದ ಜಾಗದವರೆಗೆ ನಡೆದು ಬಂದು, ಅಲ್ಲಿಂದಾಚೆ ಬಸ್ಸು ಹಿಡಿದು, ಒಂದು ಚೀಲ ಮದ್ದು ಸೊಪ್ಪಿನೊಡನೆ ಕುಶಾಲನಗರಕ್ಕೆ ಇಳಿದ. ನಾವು ಹತ್ತಲಾಗದಿದ್ದರೆ ಸೊಪ್ಪೇ ಇಳಿದು ಬಂದಿತ್ತು! ಗಾಡಿಯ ಚಿಕ್ಕ ಒಲೆಯ ಮೇಲೆಯೇ ಪಾಯಸವಾಯಿತು. ಮಂಟಪದ ಕಾವಲುಗಾರನಿಗೂ ಚಾಲಕನಿಗೂ ಒಂದೊಂದು ಲೋಟ ಕೊಟ್ಟು, ಅತ್ತೆಯವರು ತಾವು ಎರಡು ಲೋಟ ಕುಡಿದರು. ಅಂದು ಆಗಸ್ಟ್ 2. ಒಂದು ದಿನ ಮೊದಲಾದರೆ ದೇವರೇನೂ ಲೆಕ್ಕ ಹಿಡಿಯುವುದಿಲ್ಲವೆಂದು ಅವರೇ ತೀರ್ಪು ಕೊಟ್ಟರು. ಮಡಿಕೇರಿಯನ್ನು ಆ ಸಲ ನಾವು ಕಾಣಲಿಲ್ಲ.

ಚಕ್ರದ ಮನೆಯ ನಿಜವಾದ ಗುಣ ಇಲ್ಲಿದೆ. ಅದು ಎಲ್ಲಿಗೆ ಬೇಕಾದರೂ ಹೋಗುತ್ತದೆಂದು ಜಾಹೀರಾತುಗಳಲ್ಲಿ ಹೇಳುತ್ತಾರೆ. ಬೆಟ್ಟದ ನಾಡಿನಲ್ಲಿ ಅದರ ಉಪಯೋಗ, ಎಲ್ಲಿ ಬೇಕಾದರೂ ಕಾಯಬಹುದೆಂಬುದು. ಕಾರಿನಲ್ಲಿ ಬಂದವನಿಗೆ ಕತ್ತಲಾಗುವುದರೊಳಗೆ ಕಾಯ್ದಿರಿಸಿದ ಕೋಣೆಯನ್ನು ಸೇರುವ ಆತುರ. ಮನೆಯೇ ಜೊತೆಗಿದ್ದವನಿಗೆ ಆ ಆತುರವಿಲ್ಲ. ಈ ಗುಣವನ್ನು ಬಳಸಿಕೊಳ್ಳದೆ, ರಜೆ ಮುಗಿಯಿತು, ಸೋಮವಾರ ಹಾಜರಾಗಬೇಕು ಎಂದು ಭಾನುವಾರದ ರಾತ್ರಿ ಮಳೆಯಲ್ಲಿ ಘಟ್ಟ ಇಳಿಸಿದರೆ, ನಿದ್ದೆಗೆಟ್ಟ ಚಾಲಕನ ಕೈಯಲ್ಲಿ ನಾಲ್ಕು ಟನ್ನು ತೂಕದ ಮನೆಯನ್ನೂ ಹೆಂಡತಿ ಮಕ್ಕಳನ್ನೂ ಒಪ್ಪಿಸಿದಂತಾಯಿತು.

ಒಳಗಿನ ಗಾಳಿ, ಹೊರಗಿನ ನೀರು

ಅಮೆರಿಕದಲ್ಲಿ ಮಕ್ಕಳಿರುವವರು ಅಲ್ಲಿಯ ಬೆಟ್ಟದ ಊರುಗಳ ಕಥೆ ಕೇಳಿರಬಹುದು. ಕೊಲರಾಡೋದ ಪರ್ವತಗಳಲ್ಲಿ ಚಳಿಗಾಲಕ್ಕೆ ಗಾಡಿಯ ನೀರಿನ ಕೊಳವೆಗಳು ಹೆಪ್ಪುಗಟ್ಟುತ್ತವೆ. ಅಲ್ಲಿಯ ದೊಡ್ಡ ಪರ್ವತ ಹೆದ್ದಾರಿಯಲ್ಲಿ ಸೆಪ್ಟೆಂಬರಿನಿಂದ ಮೇವರೆಗೆ ಹಿಮಕ್ಕೆ ತಕ್ಕ ಟೈರಾಗಲಿ ಚಕ್ರಕ್ಕೆ ಕಟ್ಟುವ ಸರಪಳಿಯಾಗಲಿ ಇರಲೇಬೇಕೆಂಬ ಕಾನೂನಿದೆ. ಮಡಿಕೇರಿಯಲ್ಲಿ ಹಿಮದ ಕಾಟವಿಲ್ಲ. ಇರುವುದು ತೇವದ ಕಾಟ. ಮಳೆಗಾಲದಲ್ಲಿ ಬಟ್ಟೆ ಒಣಗದು, ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ, ಮಾಡಿನ ಮೇಲಿನ ಸೌರಫಲಕಕ್ಕೆ ಬಿಸಿಲು ಸಿಗದು, ಊರಿನ ವಿದ್ಯುತ್ತು ಕೈಕೊಡುತ್ತದೆ. ಆಗ ಜನ ಮಾಡುವುದು ಎರಡು ಕೆಲಸ: ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚುವುದು, ಒಳಗೆ ಏನನ್ನಾದರೂ ಉರಿಸುವುದು. ಇವೆರಡೂ ಸೇರಿದರೆ ಸಾವು.

2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆಯ ಬದಿಗೆ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತು ಸಿಕ್ಕಿದರು. ಗಾಡಿಯ ಜನರೇಟರಿನಿಂದ ಹೊರಟ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಒಳಗೆ ತುಂಬಿಕೊಂಡದ್ದೇ ಕಾರಣವೆಂದು ತಜ್ಞರ ತನಿಖೆಯಲ್ಲಿ ಕಂಡುಬಂತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವನಿಗೆ ಎಚ್ಚರವೂ ಆಗುವುದಿಲ್ಲ. ಆದುದರಿಂದ ಮಲಗುವಾಗ ಜನರೇಟರು ನಿಲ್ಲಿಸಿರಬೇಕು. ಕೆಂಡದ ಅಗ್ಗಿಷ್ಟಿಕೆಯನ್ನು ಎಂದಿಗೂ ಒಳಗೆ ತರಬಾರದು. ಅಡಿಗೆ ಮಾಡುವಾಗ ಒಂದು ಕಿಟಕಿ ತೆರೆದಿರಬೇಕು. ಮಲಗುವ ಮುಂಚೆ ಸಿಲಿಂಡರಿನ ಕೀಲಿಯನ್ನು ತಿರುಗಿಸಿ ಮುಚ್ಚಬೇಕು. ಆ ಅನಿಲ ಕಂಡರೆ ಕೂಗುವ ಚಿಕ್ಕ ಯಂತ್ರ ದೊರೆಯುತ್ತದೆ. ಬಾಡಿಗೆಯ ಗಾಡಿಯಲ್ಲಿ ಅದಿಲ್ಲದಿದ್ದರೆ ನೀವೇ ಒಂದನ್ನು ಕೊಂಡೊಯ್ಯಿರಿ. ಚಳಿಗೆ ಕಂಬಳಿಯೇ ಸಾಕು.

ಇನ್ನು ನೀರಿನ ಮಾತು. ಗಾಡಿಯ ಬಚ್ಚಲಿನ ಮತ್ತು ಶೌಚದ ತೊಟ್ಟಿಗಳು ಮೂರು ನಾಲ್ಕು ದಿನಕ್ಕೆ ತುಂಬುತ್ತವೆ. ಅವನ್ನು ಖಾಲಿ ಮಾಡುವ ಸಾರ್ವಜನಿಕ ಏರ್ಪಾಡು ನಮ್ಮ ಊರುಗಳಲ್ಲಿ ಅಪರೂಪ. ಕತ್ತಲೆಯಲ್ಲಿ ತೋಡಿಗೆ ಬಿಟ್ಟು ಹೋಗುವವರು ಒಂದು ಸಂಗತಿಯನ್ನು ನೆನೆಯಬೇಕು. ಮಡಿಕೇರಿ ಬೆಟ್ಟದ ಪೂರ್ವದ ಇಳಿಜಾರಿನ ನೀರು ಹಾರಂಗಿಯ ಮೂಲಕ ಕಾವೇರಿಯನ್ನು ಸೇರಿ, ಮೈಸೂರು ಬೆಂಗಳೂರುಗಳಲ್ಲಿರುವ ನಮ್ಮದೇ ಅಣ್ಣತಮ್ಮಂದಿರ ಕೊಡ ತುಂಬುತ್ತದೆ. ಪಶ್ಚಿಮದ ನೀರು ಪಯಸ್ವಿನಿಯಾಗಿ ಕಾಸರಗೋಡಿನ ಕನ್ನಡಿಗರ ಕಡೆ ಹರಿಯುತ್ತದೆ. ಹೋಂಸ್ಟೇ ನಡೆಸುವವರನ್ನೋ ಹೋಟೆಲಿನವರನ್ನೋ ಮೊದಲೇ ಕೇಳಿ, ಹಣ ಕೊಟ್ಟು, ಅವರ ಗುಂಡಿಗೆ ಬಿಡುವುದು ಸರಿಯಾದ ಕ್ರಮ. ರಾತ್ರಿ ಉಳಿಯುವುದೂ ಅಂಥವರ ಅಂಗಳದಲ್ಲಿಯೇ ಆಗಲಿ. ಸಿದ್ದಾಪುರ, ಸುಂಟಿಕೊಪ್ಪಗಳ ತೋಟಗಳಲ್ಲಿ ಕಾಡಾನೆಗಳು ಓಡಾಡುತ್ತವೆ. ರಸ್ತೆಯ ಬದಿಯಲ್ಲಿ ಬಾಳೆಹಣ್ಣು ಇಟ್ಟುಕೊಂಡು ಮಲಗುವುದು ಧೈರ್ಯವೆನಿಸುವುದಿಲ್ಲ.

ಹೊರಡುವವರಿಗೆ

ಕೊನೆಯದಾಗಿ ಆ ಒಂದು ನಿಯಮ. ಐದು ದಿನದ ಪ್ರವಾಸಕ್ಕೆ ಏಳು ದಿನದ ರಜೆ ಕೇಳಿ. ಆ ಎರಡು ದಿನ ಬೆಟ್ಟದ ಪಾಲು. ಬೆಟ್ಟಕ್ಕೆ ಅವು ಬೇಡವಾದರೆ ಮನೆಗೆ ಬಂದು ಬಟ್ಟೆ ಒಗೆದುಕೊಳ್ಳಲು ಉಪಯೋಗಕ್ಕೆ ಬರುತ್ತವೆ. ಅಷ್ಟು ರಜೆ ಸಿಗದವರು ಮಳೆಗಾಲವನ್ನು ಬಿಟ್ಟು ನವೆಂಬರನ್ನೋ ಫೆಬ್ರವರಿಯನ್ನೋ ಆರಿಸಿಕೊಳ್ಳಲಿ. ಮೈಸೂರಿನಿಂದ ಮುಂದೆ ಹಗಲಿನಲ್ಲಿ ಮಾತ್ರ ಗಾಡಿ ನಡೆಯಲಿ. ಚಾಲಕನಿಗೆ ಮಲಗಲು ಒಂದು ಸರಿಯಾದ ಹಾಸಿಗೆಯನ್ನು ಮೊದಲು ಗೊತ್ತುಮಾಡಿ, ಆಮೇಲೆ ನಿಮ್ಮದನ್ನು ಹಾಸಿಕೊಳ್ಳಿ. ಆಪತ್ತಿಗೆ 112, ಜಿಲ್ಲೆಯ ವಿಪತ್ತು ನಿರ್ವಹಣೆಯ ಕಚೇರಿಗೆ 1077 ಎಂಬ ಅಂಕೆಗಳನ್ನು ಗಾಡಿಯ ಬಾಗಿಲಿಗೆ ಬರೆದು ಅಂಟಿಸಿರಿ. ಎಲ್ಲಕ್ಕಿಂತ ಮೊದಲು, ಊರಿನಲ್ಲಿರುವ ನಂಟರಿಗೋ ಪರಿಚಯದ ಅಂಗಡಿಯವರಿಗೋ ಬೆಳಗ್ಗೆ ಒಂದು ಫೋನು ಮಾಡಿ, “ದಾರಿ ಹೇಗಿದೆ?” ಎಂದು ಕೇಳಿರಿ. ಬರಬೇಡಿ ಎಂದರೆ ಅವರ ಮಾತನ್ನು ನಂಬಿರಿ.

ಈ ಚಳಿಗಾಲದಲ್ಲಿ ನಮ್ಮ ಸಂಘದ ಎರಡು ಮೂರು ಸಂಸಾರಗಳು ಕೂಡಿ ಒಂದು ಗಾಡಿ ಗೊತ್ತುಮಾಡುವುದಾದರೆ ಲೆಕ್ಕಪತ್ರದ ಕೆಲಸವನ್ನು ನಾನು ಸಂತೋಷದಿಂದ ವಹಿಸಿಕೊಳ್ಳುತ್ತೇನೆ. ಅತ್ತೆಯವರು ಈಗಲೇ ಕಂಬಳಿಗಳನ್ನು ಬಿಸಿಲಿಗೆ ಹಾಕಿದ್ದಾರೆ.